ಪಂಚಶೀಲಾ ಟೀಚರ್ ಅವರ ಅಡ್ಡಹೆಸರು

ಪಂಚಶೀಲಾ ಟೀಚರ್ ಅವರಿಗೆ ಅಡ್ಡಹೆಸರು, ಅಂದರೆ ಮನೆತನದ ಹೆಸರು, ಇರಲಿಲ್ಲ. ಐವತ್ತಾರು ವರ್ಷ ಅದಿಲ್ಲದೆ ಚೆನ್ನಾಗಿಯೇ ನಡೆದಿತ್ತು. ಆ ಶನಿವಾರ ನರೋಣಾದ ಶಾಲೆ ಬಿಟ್ಟ ಮೇಲೆ, ಹೆಡ್ ಟೀಚರ್ ಆದ ಅವರು ತಮ್ಮ ಕೋಣೆಗೆ ಬೀಗ ಹಾಕುತ್ತಿದ್ದಾಗ ಕಲಬುರಗಿಯಿಂದ ಸಂತೋಷಕುಮಾರನ ಫೋನು ಬಂತು. ಹನ್ನೊಂದು ಮಂದಿಯನ್ನು ಶ್ರೀಲಂಕಾ ಯಾತ್ರೆಗೆ ಕರೆದೊಯ್ಯಲಿದ್ದ ಟೂರಿನವನು ಅವನು.

“ಟೀಚರ್, ವೀಸಾ ಅರ್ಜಿ ನಿಮ್ಮದೊಂದು ಮುಂದಕ್ಕ ಹೋಗವಲ್ದು ನೋಡ್ರಿ. ಪಾಸ್‌ಪೋರ್ಟ್‌ನ್ಯಾಗ ಸರ್‌ನೇಮ್ ಕಾಲಂ ಖಾಲಿ ಅದ. ಏನು ಹಾಕ್ಲಿ?”

“ಖಾಲಿ ಇದ್ರ ಖಾಲಿ ಬಿಡ್ರಿ.”

“ಬಿಟ್ರ ಕಂಪ್ಯೂಟರ್ ತಗೊಳ್ಳಂಗಿಲ್ರಿ. ಉಳಿದ ಹತ್ತು ಮಂದೀದು ಆಗ್ಯದ. ನನಗ ತಲಿ ಕೆಟ್ಟು ಹೋಗ್ಯದ. ನೀವ ಎಲ್ಯಾರ ತುಂಬಿಸ್ರಿ. ಐದು ಗಂಟಿ ದಾಟಿದ್ರ ನಿಮ್ಮನ್ನ ಬಿಟ್ಟು ಹೋಗಬೇಕಾಗ್ತದ.”

ಬಿಟ್ಟು ಹೋಗುವ ಮಾತೇ ಇರಲಿಲ್ಲ. ಅನುರಾಧಪುರದ ಬೋಧಿವೃಕ್ಷದ ಕೆಳಗೆ ಒಂದು ಗಳಿಗೆ ಕೂರಬೇಕೆಂದು ಅವರ ತಾಯಿ ಸಾಬವ್ವ ಜೀವನವಿಡೀ ಆಸೆಪಟ್ಟಿದ್ದಳು. ಈಗ ಮೊಣಕಾಲು ಕೈಕೊಟ್ಟು, “ನೀನಾರ ಹೋಗಿ ನನ್ನ ಹೆಸರ್ಲೆ ಕುಂತು ಬಾ” ಎಂದು ಮಗಳನ್ನು ಒಪ್ಪಿಸಿದ್ದಳು.

ಅಡ್ಡಹೆಸರು ಮರೆತುಹೋದದ್ದೂ ಅಲ್ಲ. ಒಂದನೆಯ ಇಯತ್ತೆಗೆ ಹಚ್ಚುವಾಗ ಮಾಸ್ತರರು ಕೇಳಿದ್ದಕ್ಕೆ, ಕೂಲಿ ಮಾಡುತ್ತಿದ್ದ ಅವರ ಅಪ್ಪ ದತ್ತಪ್ಪ, “ಏನು ಹಚ್ಚಿದ್ರೂ ಮಂದಿ ಅದರಾಗ ಜಾತಿನ ಹುಡುಕ್ತಾರ್ರಿ. ಬರೇ ಪಂಚಶೀಲಾ ಅಂತ ಬರೀರಿ” ಎಂದಿದ್ದ. ಬರೇ ಪಂಚಶೀಲಾ ಆಗಿಯೇ ಆಕೆ ಓದಿದರು, ನೌಕರಿ ಹಿಡಿದರು, ಮಕ್ಕಳ ಹೆಸರಿನಲ್ಲಿ ಒಂದು ದೀರ್ಘ ತಪ್ಪಿದರೂ ಅರ್ಜಿಯನ್ನು ಹಿಂದಕ್ಕೆ ಕಳಿಸುವ ಹೆಡ್ ಟೀಚರ್ ಆದರು. ಈಗ ಒಂದು ಕಂಪ್ಯೂಟರಿಗೆ ಹೆದರಿ ಹೆಸರು ಬೆಳೆಸುವುದೇ? ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ ಎಂದು ನಿಶ್ಚಯಿಸಿ ಆಳಂದದ ಬಸ್ಸು ಹತ್ತಿದರು.

ಬಸ್‌ಸ್ಟ್ಯಾಂಡಿನ ಎದುರಿನ ಮಹೇಶಕುಮಾರನ ಕಂಪ್ಯೂಟರ್ ಅಂಗಡಿಯಲ್ಲಿ ಆಗಲೇ ಇಬ್ಬರು ಕೂತಿದ್ದರು. ಪಹಣಿ ತೆಗೆಸಲು ಬಂದ ಅಣ್ಣಾರಾಯರು, ಆಧಾರ್ ಜೋಡಿಸಲು ಬಂದ ಕುಲಸುಮಬಿ. ವೀಸಾ ಎಂಬ ಶಬ್ದ ಕಿವಿಗೆ ಬಿದ್ದದ್ದೇ ತಡ, ಇಬ್ಬರೂ ತಮ್ಮ ಕೆಲಸ ಮರೆತು ಕುರ್ಚಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು.

ಮಹೇಶಕುಮಾರ ಏನೂ ಕೇಳದೆ ಸರ್‌ನೇಮ್ ಕಾಲಂನಲ್ಲಿ ದತ್ತಪ್ಪ ಎಂದು ಒತ್ತಿದ.

“ಅದು ಅಪ್ಪನ ಕಾಲಂನ್ಯಾಗ ಹಾಕು. ಇಲ್ಲಿಂದ ಅಳಸು.”

“ಎಲ್ಲರೂ ಹಂಗ ಮಾಡ್ತಾರ್ರಿ ಟೀಚರ್.”

“ಎಲ್ಲರೂ ಗಲತ್ ಮಾಡಿದ್ರ ನಾ ಎಲ್ಲರನ್ನೂ ಫೇಲ್ ಮಾಡಾಕಿ. ಅಳಸು.”

“ಊರ ಹೆಸರು ಹಾಕ್ರಿ ಬಾಯಾರ,” ಎಂದರು ಅಣ್ಣಾರಾಯರು. “ನರೋಣಕರ! ಸೊಲ್ಲಾಪುರದ ಕಡಿ ಹಿಂಗ ಇರ್ತಾವ. ಕೇಳಾಕೂ ಒಂದು ವಜನ ಅದ.”

“ಅದೆಲ್ಲಾ ಬ್ಯಾಡ,” ಕುಲಸುಮಬಿ ಕೈಬೀಸಿದಳು. “ಪಂಚಶೀಲಾ ಮುಂದ ಬೀ ಹಚ್ಚು ಬೇಟಾ, ಪಂಚಶೀಲಾಬಿ. ನಾ ಮೆಕ್ಕಾಕ್ಕ ಉಮ್ರಾ ಯಾತ್ರಾ ಹೋಗಿ ಬಂದೇನಿ, ನನಗ ಯಾರೂ ಒಂದು ಮಾತು ಕೇಳಿಲ್ಲ.”

ಪಂಚಶೀಲಾ ಇಬ್ಬರಿಗೂ ಕೈಮುಗಿದು ಮುಂದಿನ ಕಾಲಂ ತೋರಿಸಿದರು. ಹುಟ್ಟಿದ ದಿನ ಜೂನ್ ಒಂದು. ಮಹೇಶಕುಮಾರ ಪಟ್ಟಿಯಿಂದ ಮೊದಲು ಒಂದು, ಆಮೇಲೆ ಆರು ಆರಿಸಿದ.

“ನಿಲ್ಲು. ಇಲ್ಲಿ ತಿಂಗಳು ಮೊದಲು ಕೇಳ್ಯಾರ. ನೀ ನನ್ನ ಜನವರಿ ಆರಕ್ಕ ಹುಟ್ಟಿಸಿದಿ.”

“ಜೂನ್ ಒಂದಾ?” ಅಣ್ಣಾರಾಯರು ಕುರ್ಚಿಯಿಂದ ಎದ್ದೇಬಿಟ್ಟರು. “ನಂದೂ ಜೂನ್ ಒಂದ!”

“ನನ್ನ ನಾಲ್ಕೂ ಮಕ್ಕಳದು ಜೂನ್ ಒಂದ,” ಎಂದಳು ಕುಲಸುಮಬಿ.

ಮಹೇಶಕುಮಾರನದೂ ಅದೇ ಎಂದು ತಿಳಿಯಿತು. ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವಾಗ ಅರ್ಧ ನರೋಣಾವನ್ನು ತಮ್ಮ ಕೈಯಾರೆ ಜೂನ್ ಒಂದಕ್ಕೆ ಹುಟ್ಟಿಸಿದ್ದ ಪಂಚಶೀಲಾ ಆ ವಿಷಯ ಬೆಳೆಸಲಿಲ್ಲ.

ಪಾಸ್‌ಪೋರ್ಟ್ ನಂಬರಿಗೆ ಬಂದಾಗ ಟೀಚರ್ ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು. “ಇದು ಸೊನ್ನಿ ಅಲ್ಲ. ಇದು ಇಂಗ್ಲಿಷಿನ ಓ.”

ಮಹೇಶಕುಮಾರ ಕಿವಿ ಕೆರೆದುಕೊಂಡ. “ಸೊನ್ನಿ ಕೀ ಸತ್ತು ಎರಡು ತಿಂಗಳಾತ್ರಿ. ಓ ಹಾಕಿದ್ರೂ ನೋಡಾಕ ಹಂಗ ಕಾಣ್ತದ.”

“ಕಾಣೋದು ಬ್ಯಾಡ, ಇರಬೇಕು.”

ಕೊನೆಗೆ ಅವನು ಅಣ್ಣಾರಾಯರ ಪಹಣಿಯನ್ನು ತೆರೆದು, ಅವರ ಸರ್ವೆ ನಂಬರಿನೊಳಗಿದ್ದ ಸೊನ್ನೆಯನ್ನು ಕಾಪಿ ಮಾಡಿ ತಂದು ಟೀಚರ್ ಅರ್ಜಿಯಲ್ಲಿ ಕೂರಿಸಿದ. ಅಣ್ಣಾರಾಯರ ಮುಖ ಸಪ್ಪಗಾಯಿತು.

“ನನ್ನ ಹೊಲದಾಗಿನ ಸೊನ್ನಿ ಕಮ್ಮಿ ಆಗಂಗಿಲ್ಲಲ್ಲಾ ಮತ್ತ?”

ಅವರಿಗೆ ಸಮಾಧಾನ ಹೇಳುವಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಟ್ಟುಸಿರು ಬಿಟ್ಟು ನಿಂತಿತು. ಪರದೆ ಎಣ್ಣೆ ಹಚ್ಚಿದ ಹಂಚಿನಂತೆ ಕಪ್ಪಾಗಿ ಹೊಳೆಯಿತು. ಮುಕ್ಕಾಲು ತಾಸು ನಾಲ್ವರೂ ಅದರೊಳಗೆ ತಮ್ಮ ತಮ್ಮ ಮುಖ ನೋಡುತ್ತ ಕೂತರು. ಕರೆಂಟು ಬಂದಾಗ ಗಂಟೆ ನಾಲ್ಕೂ ಇಪ್ಪತ್ತು, ಅರ್ಜಿ ಪೂರ್ತಿ ಖಾಲಿ.

“ನಾಳಿ ಬರ್ರಿ ಟೀಚರ್,” ಎಂದ ಮಹೇಶಕುಮಾರ.

“ಏಳು. ನಾನ ಬರೀತೇನಿ.”

ಅವನ ಕುರ್ಚಿಯಲ್ಲಿ ಕೂತು, ಕೋಳಿ ಕಾಳು ಹೆಕ್ಕಿದಂತೆ ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಕುಲಸುಮಬಿ ಪಾಸ್‌ಪೋರ್ಟ್ ಹಿಡಿದು ನಿಂತಳು; ಅಣ್ಣಾರಾಯರು ತಾವಾಗಿಯೇ ಸೊನ್ನೆ ಒದಗಿಸಿದರು. ಪಾಸ್‌ಪೋರ್ಟ್ ಎಲ್ಲಿ ಕೊಟ್ಟದ್ದು ಎಂಬ ಕಾಲಂನಲ್ಲಿ ಮಹೇಶಕುಮಾರ ಕಲಬುರಗಿ ಅಂದರೆ, ಅದರಲ್ಲಿದ್ದಂತೆ ಬೆಂಗಳೂರು ಎಂದೇ ಬರೆದರು. ಉಳಿದದ್ದು ಆ ಸರ್‌ನೇಮ್. ತುಂಬಲೇಬೇಕು ಎನ್ನುವ ಅದರ ಪಕ್ಕದ ಕೆಂಪು ಚುಕ್ಕಿ ಬಿಸಿಲಿಗೆ ಬಂದ ಗುಳ್ಳೆಯಂತೆ ನೋಯಿಸುತ್ತಿತ್ತು.

ಆಗ ಪಂಚಶೀಲಾ, ಅಂಗಡಿಯಲ್ಲಿ ಇದುವರೆಗೂ ಯಾರೂ ಮಾಡದ ಕೆಲಸವೊಂದನ್ನು ಮಾಡಿದರು. ಅರ್ಜಿಯ ಸೂಚನೆಗಳನ್ನು ಮೊದಲಿನಿಂದ ಓದಿದರು. ಹದಿನೇಳನೆಯ ಸೂಚನೆ ಇರುವೆಯಂಥ ಅಕ್ಷರಗಳಲ್ಲಿ ಹೇಳುತ್ತಿತ್ತು: ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರು ಈ ಚೌಕಕ್ಕೆ ಗುರುತು ಹಾಕಿದರೆ ಸಾಕು. ಗುರುತು ಹಾಕಿದರು. ಕೆಂಪು ಚುಕ್ಕಿ ಮಾಯವಾಯಿತು. ನಾಲ್ಕೂ ಐವತ್ತೆರಡಕ್ಕೆ ಅರ್ಜಿ ಹೋಯಿತು.

ಐದೂವರೆಗೆ ವೀಸಾ ಬಂದೇಬಿಟ್ಟಿತು! ಟೀಚರ್ ಅದನ್ನು ಎರಡು ಸಲ ಪಾಸ್‌ಪೋರ್ಟಿನ ಪಕ್ಕ ಇಟ್ಟು ನೋಡಿದರು. ಹೆಸರು ಬರೇ ಪಂಚಶೀಲಾ. ಹುಟ್ಟಿದ್ದು ಜೂನಿನಲ್ಲಿ. ಸೊನ್ನೆಗಳೆಲ್ಲ ಅಸಲಿ. ಅಣ್ಣಾರಾಯರು ಎಲ್ಲರಿಗೂ ಚಹಾ ಹೇಳಿದರು. ಕುಲಸುಮಬಿ ತಾನೇ ಹೊರಟವಳಂತೆ ಕಣ್ಣೊರೆಸಿಕೊಂಡಳು. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು ಎಂದುಕೊಂಡರು ಪಂಚಶೀಲಾ.

ಸಂತೋಷಕುಮಾರನಿಗೆ ಫೋನು ಹಚ್ಚಿದರು.

“ಶಾಬಾಸ್ ಟೀಚರ್! ಎಲ್ಲಾ ಪಕ್ಕಾ ಆತು. ವಿಮಾನದ ಟಿಕೆಟ್ ಕಳಸಾಕತ್ತೇನಿ, ಪ್ರಿಂಟ್ ತಗೊಂಡು ಇಟ್ಕೋರಿ.”

ಮಹೇಶಕುಮಾರ ಪ್ರಿಂಟ್ ತೆಗೆದು, ಬಿಸಿ ಕಾಗದವನ್ನು ಅಭಿಮಾನದಿಂದ ಗಟ್ಟಿಯಾಗಿ ಓದತೊಡಗಿ, ಎರಡನೆಯ ಸಾಲಿಗೇ ನಿಂತ. “ಟೀಚರ್... ಹೆಸರು ಪಂಚಶೀಲಾ ನರೋಣಾ. ಸರ್‌ನೇಮ್, ಸ್ಕೂಲ್.”

“ಏನು?”

“ಸ್ಕೂಲ್ ಅಂತದ್ರಿ. ಶ್ರೀಮತಿ ಸ್ಕೂಲ್.”

ಪಂಚಶೀಲಾ ಮತ್ತೆ ಫೋನು ಹಚ್ಚಿದರು. ಆಚೆಯ ದನಿ ಮೊದಲಿಗಿಂತ ಮೆತ್ತಗಾಗಿತ್ತು.

“ಏನಂದ್ರರಿ, ಟಿಕೆಟ್‌ನವರೂ ಸರ್‌ನೇಮ್ ಕೇಳಿದ್ರು. ನನ್ನ ಮೊಬೈಲ್‌ನ್ಯಾಗ ನಿಮ್ಮ ನಂಬರ್ ‘ಪಂಚಶೀಲಾ ನರೋಣಾ ಸ್ಕೂಲ್’ ಅಂತ ಸೇವ್ ಅದ. ಕಡೀ ಶಬ್ದನ ಸರ್‌ನೇಮ್ ಇರ್ಬೇಕಂತ ಹಾಕಿಬಿಟ್ಟೆ.”

“ತಿದ್ದಿಸ್ರಿ ಈಗ.”

“ಅವ್ರು ಒಪ್ಪವಲ್ರಿ. ಹನ್ನೊಂದು ಮಂದೀದೂ ಒಂದ ಟಿಕೆಟ್. ಪಾಸ್‌ಪೋರ್ಟ್‌ಗೆ ತಾಳೆ ಆಗದಿದ್ರ ವಿಮಾನ ಹತ್ತಾಕ ಬಿಡಂಗಿಲ್ಲ ಅಂತಾರ.” ಸಂತೋಷಕುಮಾರ ದಾರಿ ಸಿಕ್ಕವನಂತೆ ಚೇತರಿಸಿಕೊಂಡ. “ಟೀಚರ್, ನೀವು ಕಾಗದ ಪತ್ರದಾಗ ಭಾಳ ಹುಷಾರ್ ಅದೀರಿ. ಬುಧವಾರ ವಿಮಾನ, ಅಷ್ಟರೊಳಗ ಪಾಸ್‌ಪೋರ್ಟ್‌ನ್ಯಾಗ ಸ್ಕೂಲ್ ಅಂತ ಸೇರಿಸ್ಕೊಂಡು ಬಂದ್ಬಿಡ್ರಿ.”

ಪಂಚಶೀಲಾ ಫೋನು ಇಟ್ಟು, ಆರುತ್ತಿದ್ದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದರು.

“ತಿದ್ದಬೇಕಾದ್ದು ಟಿಕೆಟ್, ಪಾಸ್‌ಪೋರ್ಟ್ ಅಲ್ಲ. ಕಲಬುರಗಿ ಬಸ್ಸು ಎಷ್ಟಕ್ಕದ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ರಸ್ತೆ ದಾಟಿದರು.