ಹಕ್ಕಿಗಳಿಗೆ ಊರೆಲ್ಲ ಬೆಂಬಲ

ಕೊಕ್ಕರೆ ಮಾಡಿದ ತಪ್ಪು ಒಂದೇ, ಕ್ಷೌರದಂಗಡಿಯಲ್ಲಿ ಬಾಯಿಬಿಟ್ಟದ್ದು. ಉದ್ದ ಕಾಲು, ಸಣ್ಣ ತಲೆ ನೋಡಿ ಓಣಿಯವರು ಅವನಿಗೆ ಆ ಹೆಸರಿಟ್ಟಿದ್ದರು. ಊರಾಚೆಯ ಕೆರೆಯಲ್ಲಿ ಹಕ್ಕಿ ಕಾಯುವ ದಿನಗೂಲಿ ಕೆಲಸ ಸಿಕ್ಕ ಮೇಲೆ ಹೆಸರು ಮೈಗೇ ಅಂಟಿಕೊಂಡಿತು. ಇವತ್ತು ಅರಣ್ಯ ಇಲಾಖೆಯ ದೊಡ್ಡ ಸಾಹೇಬರು ಬರುತ್ತಾರೆ, ಕೆರೆ ಪಕ್ಷಿಧಾಮವಾದರೆ ತನ್ನ ಕೆಲಸ ಕಾಯಂ, ಆದರೆ ಸುತ್ತಲಿನ ಜನರ ಬೆಂಬಲ ಇದೆಯೇ ಎಂದು ಅವರು ನೋಡುತ್ತಾರಂತೆ ಎಂದಷ್ಟೇ ಅವನು ಹೇಳಿದ್ದು. ಅವನ ಒಂದು ಕೆನ್ನೆ ಬೋಳಿಸಿ ಇನ್ನೊಂದನ್ನು ನೊರೆಯಲ್ಲೇ ಬಿಟ್ಟು ಕ್ಷೌರಿಕ ಸುದ್ದಿ ಹಂಚಲು ಹೊರಟ.

ಸುದ್ದಿ ಮೊದಲು ಮುಟ್ಟಿದ್ದು ಇಟ್ಟಿಗೆ ಸಾಹುಕಾರರಿಗೆ. ಅವರ ಮಗಳಿಗೂ ಕೊಕ್ಕರೆಗೂ ಮನಸ್ಸು ಕೂಡಿ ಬಹಳ ದಿನವಾಗಿತ್ತು. ಸಾಹುಕಾರರ ಮಾತು ಮಾತ್ರ ಅವರ ಇಟ್ಟಿಗೆಗಿಂತ ಗಟ್ಟಿ: ಕೆಲಸ ಕಾಯಂ ಆಗಲಿ, ಆಮೇಲೆ ಮದುವೆ. ಈಗ ಅವರೇ ಬಂದು ಹೆಗಲ ಮೇಲೆ ಕೈಯಿಟ್ಟರು.

"ಬೆಂಬಲ ತಾನೇ? ನಂಗೆ ಬಿಡು, ಅಳಿಯ."

ಅಳಿಯ ಎನಿಸಿಕೊಂಡ ಸುಖದಲ್ಲಿ, ಹಕ್ಕಿಗಳಿಗೆ ಗದ್ದಲ ಆಗಿಬರದು ಎಂಬುದನ್ನು ಹೇಳಲು ಕೊಕ್ಕರೆ ಮರೆತ.

ಅವನು ಕೆರೆ ತಲುಪಿದಾಗ ನೀರು ಕಾಣದಷ್ಟು ಹಕ್ಕಿಗಳಿದ್ದವು. ಹಿಂದೆಯೇ ಸಾಹುಕಾರರ ಲಾರಿಗಳು ಹಾರ್ನ್ ಹೊಡೆಯುತ್ತ ಬಂದವು. ಜನ ಇಳಿದರು, ಮೈಕು ಇಳಿಯಿತು, ಬ್ಯಾಂಡು ಇಳಿಯಿತು. 'ಹಕ್ಕಿ ಉಳಿಸಿ' ಎಂಬ ಮೊದಲ ಘೋಷಣೆಗೇ ಹಕ್ಕಿಗಳೆಲ್ಲ ಹೊದಿಕೆ ಎಳೆದ ಹಾಗೆ ಒಟ್ಟಿಗೆ ಎದ್ದವು. ಕೆರೆ ಆಗಷ್ಟೇ ಬೋಳಿಸಿದ ತಲೆಯಂತೆ ಹೊಳೆಯಿತು.

ಆಗ ಸಾಹೇಬರ ಜೀಪು ಬಂತು.

"ಎಲ್ರೀ ಹಕ್ಕಿಗಳು?"

"ಈಗ ತಾನೇ ಇದ್ವು ಸಾರ್," ಎಂದ ಕೊಕ್ಕರೆ. ಊಟಕ್ಕೆ ಹೋಗಿರಬೇಕು ಎಂದು ಗುಂಪಿನಲ್ಲಿದ್ದ ಊರ ದರ್ಜಿ ಸಮಜಾಯಿಷಿ ಕೊಟ್ಟ. ಅವನ ಹೆಂಡತಿ ಇನ್ನೂ ಚುರುಕು. ಮನೆಯ ಬಾತುಕೋಳಿಗಳನ್ನು ತರಿಸಿ ಸದ್ದಿಲ್ಲದೆ ನೀರಿಗೆ ಬಿಟ್ಟಳು. ಅವು ನೇರ ದಡಕ್ಕೆ ಬಂದು ಅವಳ ಸೆರಗು ಹಿಡಿದವು.

ಹಕ್ಕಿಯಿಲ್ಲದ ಪಕ್ಷಿಧಾಮಕ್ಕೆ ಒಪ್ಪಿಗೆ ಕೊಡಲಾರೆ ಎಂದು ಸಾಹೇಬರು ಜೀಪಿನ ಕಡೆ ತಿರುಗಿದರು. ಕೊಕ್ಕರೆಯ ಅರ್ಧ ಗಡ್ಡದ ಮುಖ ಇಳಿದುಹೋಯಿತು. ಅಳಿಯ ಕೈತಪ್ಪುವುದನ್ನು ಕಂಡ ಸಾಹುಕಾರರು ಮೈಕು ಕಿತ್ತುಕೊಂಡರು. ಮೂಕಜೀವಿಗಳ ವಿಷಯದಲ್ಲಿ ಈ ಊರಿನ ಮನಸ್ಸು ಎಷ್ಟು ದೊಡ್ಡದು ಎಂದು ವಿವರಿಸಿ ಕೊನೆಗೆ ಎದೆ ತಟ್ಟಿಕೊಂಡರು: "ಅವು ಎಲ್ಲಿ ಕೂತರೂ ಸರಿ ಸಾರ್, ಅದು ಅವುಗಳದೇ ಜಾಗ. ನನ್ನ ಸ್ವಂತ ಜಾಗದಲ್ಲಿ ಕೂತರೂ ಬಿಟ್ಟುಕೊಡ್ತೀನಿ."

ಜನ ಚಪ್ಪಾಳೆ ತಟ್ಟಿದರು. ಸಾಹೇಬರು ನಿಂತರು. ದುರ್ಬೀನು ಕಣ್ಣಿಗಿಟ್ಟು ದಿಗಂತವನ್ನೆಲ್ಲ ಜಾಲಾಡಿ ಒಂದು ಕಡೆ ನಿಲ್ಲಿಸಿದರು.

"ಅಗೋ, ಆ ಚಿಮಣಿ ಪಕ್ಕ. ಮಣ್ಣು ತೆಗೆದ ಗುಂಡಿಗಳಲ್ಲಿ ನೀರು ನಿಂತಿದೆ, ತುಂಬ ಹಕ್ಕಿ. ಯಾರದದು?"

"ನಮ್ಮ ಸಾಹುಕಾರರದೇ ಸಾರ್, ಇಟ್ಟಿಗೆ ಗೂಡು," ಎಂದು ಕ್ಷೌರಿಕ ಹೆಮ್ಮೆಯಿಂದ ಹೇಳಿದ.

ಸಾಹೇಬರು ಸಾಹುಕಾರರ ಕೈ ಹಿಡಿದು ಕುಲುಕಿದರು. ಇಂಥ ಬೆಂಬಲ ತಮ್ಮ ಸರ್ವಿಸಿನಲ್ಲೇ ಕಂಡಿಲ್ಲ ಎಂದರು. ಪಕ್ಷಿಧಾಮ ಅಲ್ಲೇ, ಹೊಗೆ ಹಕ್ಕಿಗೆ ಕೆಡುಕು, ಗೂಡಿಗೆ ಬೆಂಕಿ ಹಾಕುವುದು ಇವತ್ತಿನಿಂದಲೇ ಬಂದ್, ಹುಡುಗ ಕಾಯಂ. ಬ್ಯಾಂಡಿನವರು ತಡೆಯಲಾರದೆ ಬಾರಿಸಿಬಿಟ್ಟರು.

ಜೀಪು ಹೋದ ಮೇಲೆ ಸಾಹುಕಾರರು ಕೊಕ್ಕರೆಯ ಹತ್ತಿರ ಬಂದರು.

"ಕಾಯಂ ಆಯ್ತಲ್ಲ, ಸಂತೋಷ. ಇನ್ಮೇಲೆ ನಮ್ಮ ಕಡೆ ತಲೆ ಹಾಕ್ಬೇಡ."

"ದಿನಾ ಬರ್ಬೇಕು ಸಾಹುಕಾರ್ರೇ," ಕೊಕ್ಕರೆ ನೆಲ ನೋಡುತ್ತ ಹೇಳಿದ. "ಡ್ಯೂಟಿ ಅಲ್ಲೇ ಹಾಕಿದಾರೆ."