ಡೀಕನ್ ಗೇಟ್‌ವುಡ್ ಮತ್ತು ಮುಳ್ಳಿನ ಮೀನು

ಮೀನು ಹಿಡಿಯುವುದು ವಿದ್ಯೆ, ಹುರಿಯುವುದಕ್ಕೆ ಎಣ್ಣೆಯಿದ್ದರೆ ಸಾಕು ಎಂಬ ಮಾತನ್ನು ಥಿಯೋಡಿಸ್ ಗೇಟ್‌ವುಡ್ ಆಡಬಾರದಿತ್ತು. ಆಡಲೇಬೇಕೆಂದಿದ್ದರೆ ಕ್ಷೌರದಂಗಡಿಯಲ್ಲಿ ಆಡಿ ಸುಮ್ಮನಾಗಬಹುದಿತ್ತು. ಅವನು ಚರ್ಚಿನ ಅಡುಗೆಮನೆಯ ತೆರೆದ ಕಿಟಕಿಯ ಕೆಳಗೆ ನಿಂತು ಆಡಿದ. ಕಿಟಕಿಯ ಒಳಗೆ ಅವನ ಹೆಂಡತಿ ಆರ್ಜೆಲ್ಲಾ ಬಾಣಲೆ ಒರೆಸುತ್ತಿದ್ದಳು.

ಅಮೆರಿಕದ ಅರ್ಕಾನ್ಸಾ ರಾಜ್ಯದ ಆ ತಗ್ಗುನೆಲದಲ್ಲಿ ಏಪ್ರಿಲ್ ಬಂದು ನದಿ ಉಕ್ಕಿತೆಂದರೆ ಚರ್ಚಿನಲ್ಲಿ ಬಫಲೊ ಮೀನಿನ ಊಟ. (ಹೆಸರು ಎಮ್ಮೆಯದು, ಮೈಕಟ್ಟೂ ಎಮ್ಮೆಯದು, ಮುಳ್ಳು ಮಾತ್ರ ಹತ್ತು ಮೀನಿಗಾಗುವಷ್ಟು.) ಚರ್ಚಿನ ಕೆಲಸ ನೋಡಿಕೊಳ್ಳುವ ಡೀಕನ್ನರಲ್ಲೊಬ್ಬನಾದ ಥಿಯೋಡಿಸ್ ಶನಿವಾರ ಬೆಳಗ್ಗೆ ದೋಣಿಯಲ್ಲಿ ಹೋಗಿ ಬಲೆ ಎತ್ತಿ, ಮೂರು ಟಬ್ಬು ಮೀನು ತಂದು ಚರ್ಚಿನ ಹಿತ್ತಿಲ ಮೇಜಿನ ಮೇಲೆ ಸುರಿದು, ಪೆಕಾನ್ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಹೊಗಳಿಕೆ ಸ್ವೀಕರಿಸುತ್ತಿದ್ದ. ಆಮೇಲಿನದೆಲ್ಲ ಆರ್ಜೆಲ್ಲಾಳ ಪಾಲು. ಹುರುಪೆ ಕೆರೆಯಬೇಕು, ಕರುಳು ತೆಗೆಯಬೇಕು, ಪಕ್ಕೆಲುಬಿನ ತುಂಡು ಬೇರೆ ಮಾಡಬೇಕು. ಕೊನೆಗೆ ಬೆನ್ನಿನ ತುಂಡಿಗೆ ಬಾಚಣಿಗೆ ಹಲ್ಲಿನಷ್ಟು ಒತ್ತಾಗಿ ಕಚ್ಚು ಹಾಕಬೇಕು. ಚಾಕು ಮಾಂಸದೊಳಗಿನ ಸಣ್ಣ ಮುಳ್ಳುಗಳನ್ನು ಕತ್ತರಿಸಬೇಕು, ಚರ್ಮವನ್ನು ಮುಟ್ಟಬಾರದು. ಹಾಗಾದರೆ ಕಾದ ಎಣ್ಣೆ ಒಳಗಿಳಿದು ಮುಳ್ಳು ಮಾಂಸದ ಜೊತೆಗೇ ಗರಿಗರಿಯಾಗುತ್ತದೆ. ಇಲ್ಲದಿದ್ದರೆ ಯಾರದಾದರೂ ಗಂಟಲಲ್ಲಿ ನಿಲ್ಲುತ್ತದೆ. ಮೂವತ್ತೊಂದು ವರ್ಷ ಯಾರ ಗಂಟಲಲ್ಲೂ ನಿಂತಿರಲಿಲ್ಲ. ಅದಕ್ಕಾಗಿ ಯಾರೂ ಆರ್ಜೆಲ್ಲಾಳನ್ನು ಹೊಗಳಿಯೂ ಇರಲಿಲ್ಲ.

ಅವಳು ಕೂಗಾಡಲಿಲ್ಲ. ರಾತ್ರಿ ಊಟದ ತಟ್ಟೆಯ ಪಕ್ಕದಲ್ಲಿ ಚಾಕು ಇಟ್ಟು, ಈ ಸಲ ತಾನು ದೋಣಿ ತೆಗೆದುಕೊಂಡು ಹೋಗುತ್ತೇನೆ, ಅವನು ಮೀನು ಹಸನು ಮಾಡಿ ಹುರಿಯಲಿ ಎಂದಳು. ಒಬ್ಬರಿಗಾದರೂ ಮುಳ್ಳು ಸಿಕ್ಕಿಕೊಂಡರೆ ಅವನು ಚರ್ಚಿನವರೆಲ್ಲರ ಮುಂದೆ ನಿಂತು ಕ್ಷಮೆ ಕೇಳಬೇಕು.

"ನೀನು ಬರಿಗೈಲಿ ಬಂದ್ರೆ?" ಎಂದ ಥಿಯೋಡಿಸ್.

"ಬಂದ್ರೆ ಮುಂದಿನ ಮೂವತ್ತೊಂದು ವರ್ಷ ಬಾಯಿ ಬಿಡದೆ ನಾನೇ ಮಾಡ್ತೀನಿ."

ಅವನು ನಗುತ್ತಲೇ ಒಪ್ಪಿದ. ಮೀನು ಎಲ್ಲಿ ಸೇರುತ್ತದೆಂಬುದನ್ನು ಅವನು ಸ್ವಂತ ತಮ್ಮನಿಗೂ ಹೇಳಿರಲಿಲ್ಲ. ಹೆಂಡತಿಗೆ ಮಾತ್ರ ಪ್ರತಿ ವರ್ಷ ಊಟದ ಹೊತ್ತಿನಲ್ಲಿ ಸವಿಸ್ತಾರವಾಗಿ ಹೇಳಿದ್ದ: ನೀರು ನುಗ್ಗಿದ ಸೋಯಾ ಹೊಲ, ಸಿಡಿಲು ಹೊಡೆದ ಸೈಪ್ರೆಸ್ ಮರದ ಎಡಕ್ಕೆ, ಮೊಣಕಾಲುದ್ದದ ನೀರಿನಲ್ಲಿ. ಹೆಂಗಸರು ಇಂಥದ್ದನ್ನು ಕೇಳಿಸಿಕೊಳ್ಳುವುದಿಲ್ಲ ಎಂದು ಅವನ ನಂಬಿಕೆ.

ಶನಿವಾರ ಹತ್ತು ಗಂಟೆಗೆ ಆರ್ಜೆಲ್ಲಾ ನಾಲ್ಕು ಟಬ್ಬು ಮೀನು ತಂದಳು.

ಥಿಯೋಡಿಸ್ ಮೇಜಿನ ಮುಂದೆ ನಿಂತ. ಮೊದಲ ಮೀನಿನ ಹುರುಪೆ ಅವನ ಹುಬ್ಬಿನ ಮೇಲೆಲ್ಲ ಹಾರಿತು. ಎರಡನೆಯದಕ್ಕೆ ಹಾಕಿದ ಕಚ್ಚು ಚರ್ಮವನ್ನೂ ದಾಟಿ, ತುಂಡು ಬಿಚ್ಚಿದ ಕೊರಳಪಟ್ಟಿಯಂತೆ ಜೋತುಬಿತ್ತು. ಮೂರನೆಯದಕ್ಕೆ ಹೆದರಿ ಬರೀ ಗೀಚಿದ. ಪಕ್ಕದ ಕುರ್ಚಿಯಲ್ಲಿ ಚರ್ಚಿನ ಹಿರಿಯಜ್ಜಿ ಮದರ್ ಥಾರ್ಪ್ ಕೂತಿದ್ದಳು. ಎಂಬತ್ತಾರು ವರ್ಷ, ಕಣ್ಣು ಮಂಜು, ಕಿವಿ ಚುರುಕು.

"ಸದ್ದೇ ಬರ್ತಿಲ್ಲವಲ್ಲ, ಮಗಾ," ಎಂದಳು. "ಮುಳ್ಳು ಕಡೀವಾಗ ಕರಕರ ಅನ್ನಬೇಕು. ನೀನು ಮೀನಿಗೆ ಕಚಗುಳಿ ಇಡ್ತಿದ್ದೀಯೋ ಏನೋ."

ಮರದ ಕೆಳಗಿದ್ದ ಡೀಕನ್ನರೆಲ್ಲ ನಕ್ಕರು. ಆ ನಗು ಅವನಿಗೆ ನಾಟಿತು. ಒಂದು ಕ್ಷಣ ಚಾಕು ಕೆಳಗಿಟ್ಟು ಸೋತೆ ಎನ್ನುವ ಬುದ್ಧಿ ಬಂದಿತ್ತು. ಅಂದಿದ್ದರೆ ಅವನ ಮುಂದಿನ ಜೀವನ ಸುಖವಾಗಿರುತ್ತಿತ್ತು. ಆದರೆ ಮರದ ಕೆಳಗೆ ಅವನದೇ ಕುರ್ಚಿಯಲ್ಲಿ ಆರ್ಜೆಲ್ಲಾ ಕಾಲು ಚಾಚಿ ಕೂತು, ಮೀನು ಹೇಗೆ ಹಿಡಿದೆನೆಂದು ಅವರಿಗೆ ವಿವರಿಸುತ್ತಿದ್ದಳು. ಕೈಯಳತೆ ಸಮೇತ.

ಥಿಯೋಡಿಸ್ ತನ್ನ ಬಲೆಗಳನ್ನು ತಾನೇ ಹೆಣೆಯುವವನು. ಕಣ್ಣಿಗೆ ಕಣ್ಣು ಸಮ, ಗಂಟಿಗೆ ಗಂಟು ಸಮ. ಬಲೆಯ ಕಣ್ಣು ಅಳೆಯುವಂತೆ ಅವನು ಹೆಬ್ಬೆರಳಿನ ಉಗುರನ್ನು ಅದೇ ಮೂರನೆಯ ಮೀನಿನ ಮೇಲಿಟ್ಟು ಅದರ ಅಂಚಿಗೆ ಚಾಕು ಇಳಿಸಿದ. ಕರಕರ ಎಂದಿತು. ಉಗುರು ಸರಿಸಿದ, ಮತ್ತೆ ಇಳಿಸಿದ. ಮದರ್ ಥಾರ್ಪ್ ತಲೆದೂಗಿದಳು. ಐದನೆಯ ಮೀನಿನ ಹೊತ್ತಿಗೆ ಅವನಿಗೆ ನೋಡುವವರ ನೆನಪು ಹೋಗಿತ್ತು. ಹತ್ತನೆಯದರ ಹೊತ್ತಿಗೆ ಮತ್ತೆ ಬಂತು, ಚಾಕುವನ್ನು ತುಸು ಎತ್ತರಕ್ಕೆ ಎತ್ತತೊಡಗಿದ.

ಮೆಕ್ಕೆಜೋಳದ ಹಿಟ್ಟಿನಲ್ಲಿ ಹೊರಳಿ, ಕಬ್ಬಿಣದ ಕೊಪ್ಪರಿಗೆಯಲ್ಲಿ ಹೊಂಬಣ್ಣಕ್ಕೆ ತಿರುಗಿದ ತುಂಡುಗಳು ಬಿಳಿ ಬ್ರೆಡ್ಡಿನ ಮೇಲೆ ಬಂದವು. ಮೊದಲನೆಯದು ಮದರ್ ಥಾರ್ಪ್‌ಗೆ. ಮಂಜುಗಣ್ಣಿನ, ಮೂರೇ ಹಲ್ಲಿನ ಅವಳ ಗಂಟಲು ದಾಟಿದ್ದು ಯಾರ ಗಂಟಲನ್ನಾದರೂ ದಾಟುತ್ತದೆ. ಇಡೀ ಚರ್ಚು ಅವಳ ದವಡೆಯನ್ನೇ ನೋಡುತ್ತಿತ್ತು.

ಅವಳು ನುಂಗಿದಳು. ಇನ್ನೊಂದು ತುಂಡಿಗೆ ಕೈ ಚಾಚಿದಳು.

"ಆರ್ಜೆಲ್ಲಾ, ನಿಂಗೆ ಬೇಜಾರಾದ್ರೆ ಆಗಲಿ. ನಿನ್ನದಕ್ಕಿಂತ ಇವನದೇ ಚೆನ್ನಾಗಿದೆ."

ಎಲ್ಲರೂ ಆರ್ಜೆಲ್ಲಾಳ ಕಡೆ ತಿರುಗಿದರು. ಅವಳ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. "ನಿಜ, ಮದರ್. ಇಷ್ಟು ವರ್ಷ ಇಂಥ ಕೈಯನ್ನ ದೋಣಿಯಲ್ಲಿ ಹಾಳು ಮಾಡಿದ್ವಿ," ಎಂದಳು.

ಥಿಯೋಡಿಸ್ ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಅವನು ಮುಂದೆ ಬಂದು, ಕಚ್ಚು ಹಾಕುವುದು ದೇವರು ಕೆಲವರಿಗಷ್ಟೇ ಕೊಡುವ ವರವೆಂದೂ, ಅದನ್ನು ಚರ್ಚಿನ ಸೇವೆಗೆ ಮುಡಿಪಾಗಿಡುವುದು ಮನುಷ್ಯನ ಕರ್ತವ್ಯವೆಂದೂ ಸಣ್ಣ ಭಾಷಣ ಮಾಡಿದ. ಪಾದ್ರಿ ಆಮೆನ್ ಎಂದರು. ಸಭೆ ಆಮೆನ್ ಎಂದಿತು. ಮದರ್ ಥಾರ್ಪ್ ಸೂಚಿಸಿ, ಆರ್ಜೆಲ್ಲಾ ಅನುಮೋದಿಸಿ, ಡೀಕನ್ ಗೇಟ್‌ವುಡ್ ಅವರನ್ನು ಮೀನಿನ ಮೇಜಿಗೆ ಆಜೀವ ನೇಮಕ ಮಾಡಲಾಯಿತು. ಕೈ ಎತ್ತಿದವರಲ್ಲಿ ಅಭ್ಯಾಸಬಲದಿಂದ ಅವನೂ ಒಬ್ಬ.

ಮುಂದಿನ ಶನಿವಾರ ದೋಣಿಯ ಮೋಟಾರಿನ ಸದ್ದು ನದಿಯ ತಿರುವಿನಲ್ಲಿ ಕರಗುವವರೆಗೆ ಅವನು ಹಿತ್ತಿಲಲ್ಲಿ ನಿಂತು ಕೇಳಿದ. ಮಧ್ಯಾಹ್ನ ಆರ್ಜೆಲ್ಲಾ ಐದು ಟಬ್ಬು ಇಳಿಸಿದಳು. ಒಂದೊಂದೂ ಅವನು ಜನ್ಮದಲ್ಲಿ ಹಿಡಿಯದಷ್ಟು ದಪ್ಪ ಮೀನು. ಅವನ ಸೋಯಾ ಹೊಲದಲ್ಲಿ ಅಂಥವು ಎಂದೂ ಸಿಕ್ಕಿರಲಿಲ್ಲ.

"ಎಲ್ಲಿ ಸಿಕ್ಕಿದ್ವು?" ಎಂದು ಮೆತ್ತಗೆ ಕೇಳಿದ.

ಆರ್ಜೆಲ್ಲಾ ಬೂಟಿನ ಕೆಸರು ಕೊಡವಿದಳು.

"ಗಂಡಸರೆಲ್ಲ ಆ ಕಿಟಕಿ ಕೆಳಗೇ ನಿಂತು ಮೀನಿನ ಮಾತಾಡ್ತಾರೆ," ಎಂದು ಹೇಳಿ, ಕುರ್ಚಿಯನ್ನು ಮರದ ನೆರಳಿಗೆ ಎಳೆದುಕೊಂಡಳು.