ಅತ್ತೆಯ ಮೈನರ್ ಸ್ಕೇಲು

ಸಾವಿನ ಮನೆಗೆ ಬರಬೇಡಿ ಎಂದು ಯಾರಾದರೂ ಯಾರಿಗಾದರೂ ಹೇಳಿದ್ದುಂಟೆ? ನಮ್ಮ ಸೋದರತ್ತೆಗೆ ಹೇಳಿದ್ದಾರೆ!

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ, ಮನೆಯ ಮುಂಕೋಣೆಯಲ್ಲಿ, ನಾನು ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತೇನೆ. ಸಂತೋಷದ ಸ್ವರಸಾಲು ಮೇಜರ್, ದುಃಖದ್ದು ಮೈನರ್ ಎಂದು ಮಕ್ಕಳಿಗೆ ಹೇಳುವುದನ್ನು ಅತ್ತೆಯೂ ಕೇಳಿದ್ದಳು. ಒಂದು ಸಂಜೆ ಅತ್ತೆ ಹರಿಹರದಿಂದ ಬಸ್ಸು ಹತ್ತಿ ಬಂದು ಮಕ್ಕಳ ನಡುವೆ ಕೂತಳು.

"ನಂಗೆ ಮೈನರ್ ಕಲ್ಸು."

"ಮೊದ್ಲು ಮೇಜರ್ ಕಲೀಬೇಕು ಅತ್ತೆ."

"ಸಂತೋಷದ್ದು ನಂಗ್ಯಾಕೋ? ಬ್ಯಾಡ. ಅಳೋದು ಕಲ್ಸು."

'ಎ' ಎಂಬ ಸ್ವರದ ಕೀಯಿಂದ ಮೇಲಿನ 'ಎ'ವರೆಗೆ ಬರೀ ಬಿಳಿ ಕೀ ಒತ್ತಿದರೆ ಮೈನರ್, ಎಂದೆ. ಮೂರನೆಯ ಸ್ವರ ಮೇಜರ್‌ಗಿಂತ ಅರ್ಧ ಮೆಟ್ಟಿಲು ಕೆಳಗೆ. ಹಾಡಿನ ಮುಖ ಬಾಡುವುದು ಅಲ್ಲೇ. ಏಳನೆಯದನ್ನು ಮಾತ್ರ ಕಪ್ಪು ಕೀಗೆ ಏರಿಸಿದರೆ ಹಾರ್ಮೋನಿಕ್ ಮೈನರ್. ಆ ಸ್ವರ ಮೇಲಿನ 'ಎ' ಕಡೆಗೆ ಎಳೆಯುತ್ತದೆ; ಅಲ್ಲಿಗೆ ಮುಟ್ಟದ ಹೊರತು ಕಿವಿಗೆ ಸಮಾಧಾನವಿಲ್ಲ.

ಹಿಡಿಯಿತಲ್ಲ ಹುಚ್ಚು! ಆಟೋ ಹಾರ್ನು ಮೈನರೋ? ಕುಕ್ಕರ್ ಸೀಟಿ ಮೈನರೋ? ಸೊಪ್ಪು ಮಾರುವವನನ್ನು ನಿಲ್ಲಿಸಿ ಮತ್ತೆ ಮತ್ತೆ ಕೂಗಿಸಿದಳು. ಆತ ಹೆದರಿ ರೇಟು ಇಳಿಸಿದ!

ವಿನೋಬನಗರದಲ್ಲಿ ನೆಂಟರೊಬ್ಬರು ತೀರಿಕೊಂಡರು. ಹೆಣದ ಮುಂದೆ ಸೊಸೆ ಅಳುತ್ತಿದ್ದಳು. ಅತ್ತೆ ಕಣ್ಣು ಮುಚ್ಚಿ ಕೇಳಿಸಿಕೊಂಡು ನನ್ನ ಕಿವಿಯಲ್ಲಿ ಹೇಳಿದಳು. ಪಿಸುಮಾತು ಆಕೆಗೆ ಬರುವುದೇ ಇಲ್ಲ!

"ಸೊಸೆ ಮೇಜರ್‌ನಾಗೆ ಅಳ್ತಾಳಲ್ಲೋ!"

ಇನ್ನು ಯಾವ ಸಾವಿಗೂ ಬರಬೇಡಿ ಎಂದುಬಿಟ್ಟರು ಮನೆಯವರು. ಅತ್ತೆಯನ್ನು ಹೊರಗೆ ಎಳೆದುತಂದು ಬೈದೆ. "ಏನಾಗೈತೆ ಅತ್ತೆ ನಿಂಗೆ?"

ಆಕೆ ಚರಂಡಿ ಕಲ್ಲಿನ ಮೇಲೆ ಕೂತುಬಿಟ್ಟಳು. "ನಿಮ್ ಮಾವ ಏನೋ ಹಾಡ್ತಾರೆ. ಏನಂತ ಗೊತ್ತಾಗವಲ್ದು."

ಲಕ್ವ ಹೊಡೆದು ಮಾವನ ಮಾತು ನಿಂತದ್ದು, ಬಲಗೈ ಬಿದ್ದದ್ದು ನನಗೆ ಗೊತ್ತಿತ್ತು. "ಮನೆಗೇ ಕರ್ಕಂಡು ಹೋಗ್ರಿ" ಎಂದು ಡಾಕ್ಟರು ಹೇಳಿದ್ದೂ ಗೊತ್ತಿತ್ತು. ಹಾಡುವುದು ಗೊತ್ತಿರಲಿಲ್ಲ.

ಮರುದಿನ ಚಿಕ್ಕ ಕೀಬೋರ್ಡ್ ಹೊತ್ತು ಹರಿಹರಕ್ಕೆ ಹೋದೆ. ಮಾವ ಮೂಳೆಯ ಗೂಡಾಗಿದ್ದರು. ಬಾಯಿಯ ಒಂದು ಪಕ್ಕದಿಂದ ಗುನುಗುತ್ತಿದ್ದರು. ಸ್ವರ 'ಎ'ಯಿಂದ ಮೆಲ್ಲಗೆ ಏರುತ್ತಿತ್ತು, ಏಳನೆಯದಕ್ಕೆ ಬಂದು ಉಸಿರು ಸಿಕ್ಕಿಕೊಳ್ಳುತ್ತಿತ್ತು, ಮತ್ತೆ ಮೊದಲಿನಿಂದ. ಹಾರ್ಮೋನಿಕ್ ಮೈನರೇ. ಆದರೆ ಅದು ಯಾವ ಹಾಡೂ ಅಲ್ಲವೆಂದು ಅತ್ತೆಗೆ ಹೇಗೆ ಹೇಳಲಿ?

ಯಾವ ಹಾಡೆಂದು ಆಕೆ ಕೇಳಲೇ ಇಲ್ಲ. ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು, ಅವರ ಸ್ವರ ನಿಂತ ಕಡೆ ಮೇಲಿನ 'ಎ' ಒತ್ತಿದಳು.

ಮಾವನ ಮುಖ ಸಡಿಲಾಯಿತು. ತಡವರಿಸುತ್ತ ಎಡಗೈ ಚಾಚಿ, ಅತ್ತೆಯ ಬೆರಳು ಹಿಡಿದು, ಅದೇ ಕೀಯ ಮೇಲೆ ಮತ್ತೆ ಒತ್ತಿದರು.

"ಇನ್ನೊಂದ್ಸಲನಾ?" ಅಂದಳು ಅತ್ತೆ. "ಆಯ್ತ್ರೀ. ನಾನೆಲ್ಲಿಗೆ ಹೋಗ್ಲಿ, ಇಲ್ಲೇ ಅದೀನಿ."